ವೇದಿಕೆ ಸಾಕಷ್ಟಿದೆ, ವಾರದ ನಡುವೆ ಒಂದು ಕೋಣೆ ಬೇಕು

ಜರ್ಮನಿಯ ಕನ್ನಡ ಸಂಘಗಳ ಬಗ್ಗೆ ನನಗೆ ಗೌರವವಿದೆ. ಶನಿವಾರ ಬಾಡಿಗೆಯ ಸಭಾಂಗಣದಲ್ಲಿ ಕುರ್ಚಿ ಜೋಡಿಸಿ, ಬಂದವರಿಗೆಲ್ಲ ಬಿಸಿಬೇಳೆಬಾತ್ ಮಾಡಿ ಬಡಿಸಿ, ರಾತ್ರಿ ಅದೇ ಕೈಯಿಂದ ನೆಲ ಒರೆಸಿ, ಬೀಗದ ಕೈ ಒಪ್ಪಿಸಿ ಮನೆಗೆ ಹೋಗುವವರು ಸಂಬಳಕ್ಕೆ ದುಡಿಯುವವರಲ್ಲ. ಸೋಮವಾರ ಬೆಳಿಗ್ಗೆ ಅವರಿಗೂ ಆಫೀಸು ಇರುತ್ತದೆ. ಆ ಗೌರವ ಇಟ್ಟುಕೊಂಡೇ ಒಂದು ಮಾತು ಹೇಳುತ್ತೇನೆ. ನಮ್ಮವು ಶನಿವಾರದ ಸಂಘಗಳು. ಯುಗಾದಿ, ಗಣಪತಿ, ರಾಜ್ಯೋತ್ಸವ, ದೀಪಾವಳಿ ಎಲ್ಲವೂ ಶನಿವಾರಕ್ಕೇ ಬರುತ್ತವೆ. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಸಂಘಗಳು ಇರುವುದಿಲ್ಲ. ಇಲ್ಲಿಯವನನ್ನೇ ಮದುವೆಯಾಗಿ ಬಂದ ಕನ್ನಡದ ಹೆಣ್ಣುಮಗಳಿಗೆ ಜನ ಬೇಕಾಗುವುದು ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ.

ನಾನು ಅಂಥವರಲ್ಲಿ ಒಬ್ಬಳು. ಊರು ಧಾರವಾಡ. ಅಲ್ಲಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೆ. ಬೆಂಗಳೂರಿಗೆ ಕೆಲಸದ ಮೇಲೆ ಬಂದಿದ್ದ ಜರ್ಮನ್ ಎಂಜಿನಿಯರ್‌ನನ್ನು ಮದುವೆಯಾಗಿ, ಸ್ಟುಟ್‌ಗಾರ್ಟ್ ಪಕ್ಕದ ಸಣ್ಣ ಊರಿಗೆ ಬಂದು ದಶಕ ದಾಟಿತು. ನನ್ನ ಪದವಿಗೆ ಇಲ್ಲಿ ಪೂರ್ತಿ ಮಾನ್ಯತೆ ಸಿಗಲಿಲ್ಲ. ಈಗ ಒಂದು ಪ್ರಾಥಮಿಕ ಶಾಲೆಯಲ್ಲಿ, ಪಾಠ ಮುಗಿದ ಮೇಲೆ ಮಧ್ಯಾಹ್ನದ ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಮನೆಯಲ್ಲಿ ಮೂರು ಭಾಷೆ: ಗಂಡನ ಜರ್ಮನ್, ನನ್ನ ಕನ್ನಡ, ನಮ್ಮಿಬ್ಬರ ನಡುವೆ ಹಳೆಯ ರೂಢಿಯ ಇಂಗ್ಲಿಷು. ಅತ್ತೆಯ ಸ್ವಾಬಿಯನ್ ಆಡುಮಾತನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ಕು. ಬರ್ಲಿನ್‌ನವರೇ ಅದನ್ನು ಕೇಳಿ ಕಣ್ಣುಕಣ್ಣು ಬಿಡುತ್ತಾರೆ ಎನ್ನುವುದು ನನಗಿರುವ ಸಮಾಧಾನ.

ಗಂಡ ಹೆಂಡತಿ ಇಬ್ಬರೂ ಕನ್ನಡದವರಾಗಿದ್ದರೆ ಪರದೇಶ ಬಾಗಿಲಾಚೆ ಇರುತ್ತದೆ. ಹೊರಗೆ ಎಷ್ಟೇ ಪೆಟ್ಟು ತಿಂದರೂ ಒಳಗೆ ಬಂದು ಚಪ್ಪಲಿ ಬಿಟ್ಟ ಮೇಲೆ ಇಬ್ಬರೂ ಕೂಡಿ ಬೈದುಕೊಳ್ಳಬಹುದು. ನಮ್ಮಂಥ ಮನೆಯಲ್ಲಿ ಪರದೇಶ ಬಾಗಿಲೊಳಗೇ ಇದೆ, ಅದೂ ಪ್ರೀತಿಯ ರೂಪದಲ್ಲಿ. ಬಾಡಿಗೆ ಕರಾರು, ಆರೋಗ್ಯ ವಿಮೆ, ತೆರಿಗೆ, ವೀಸಾ ಕಚೇರಿಯ ಕಾಗದ ಎಲ್ಲವೂ ಗಂಡನ ಭಾಷೆಯಲ್ಲಿ ಬರುತ್ತವೆ. ಅವನು ಒಳ್ಳೆಯವನಾದ್ದರಿಂದಲೇ ‘ನೀನು ತಲೆ ಕೆಡಿಸಿಕೊಳ್ಳಬೇಡ, ನಾನು ನೋಡ್ತೀನಿ’ ಅನ್ನುತ್ತಾನೆ. ಹೀಗೆ ವರ್ಷಗಳು ಉರುಳುತ್ತವೆ. ಎಂ.ಎಸ್ಸಿ. ಓದಿದ ಹೆಣ್ಣುಮಗಳಿಗೆ ತನ್ನ ವಿಮೆ ಯಾರ ಹೆಸರಿನಲ್ಲಿದೆ, ತನ್ನ ಪಿಂಚಣಿ ಖಾತೆಗೆ ಏನಾದರೂ ಜಮೆಯಾಗುತ್ತಿದೆಯೇ ಎನ್ನುವುದು ಗೊತ್ತಿರುವುದಿಲ್ಲ. ಕೆಟ್ಟ ಗಂಡನಿಂದ ಕಾಪಾಡಲು ಕಾನೂನಿದೆ. ಒಳ್ಳೆಯ ಗಂಡ ಬೆಳೆಸುವ ಈ ಪರಾವಲಂಬನೆಗೆ ಮದ್ದು, ಇದನ್ನು ಮೊದಲು ದಾಟಿದ ಇನ್ನೊಬ್ಬ ಹೆಂಗಸು ಮಾತ್ರ.

ಮದುವೆಯ ಕಾಗದಪತ್ರದಿಂದಲೇ ಇದು ಶುರುವಾಗುತ್ತದೆ. ಭಾರತದ ಜನನ ಪ್ರಮಾಣಪತ್ರ, ಅವಿವಾಹಿತೆ ಎಂಬ ಪ್ರಮಾಣಪತ್ರಗಳಿಗೆ ಜರ್ಮನಿ ಬರೀ ಮುದ್ರೆಯನ್ನು ಒಪ್ಪುವುದಿಲ್ಲ. ಅವು ನಿಜವೋ ಅಲ್ಲವೋ ಎಂದು ಊರಿಗೇ ಹೋಗಿ ವಿಚಾರಿಸುವ ಪದ್ಧತಿಯಿದೆ, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟಿರುವ ನಮ್ಮ ಕಡೆಯವರ ಪಾಡಂತೂ ಹೇಳತೀರದು. ಅಪ್ಪನ ಹೆಸರು, ಊರಿನ ಹೆಸರು, ಇನಿಶಿಯಲ್ ಇವುಗಳಲ್ಲಿ ಮನೆತನದ ಹೆಸರು ಯಾವುದು ಎಂದು ಕಚೇರಿಯವರಿಗೆ ಬಿಡಿಸಿ ಹೇಳುವುದರಲ್ಲಿ ಅರ್ಧ ಆಯುಷ್ಯ ಕಳೆಯುತ್ತದೆ. ಈ ರಗಳೆಗೆ ಬೇಸತ್ತು ಎಷ್ಟೋ ಜೋಡಿಗಳು ಡೆನ್ಮಾರ್ಕಿನ ಗಡಿಯೂರು ಟೊಂಡರ್‌ಗೆ ಹೋಗಿ ಮದುವೆಯಾಗಿ ಬರುತ್ತಾರೆ. ನಾವೂ ಹಾಗೇ ಮಾಡಿದೆವು. ಜರ್ಮನ್ ಪ್ರಜೆಯ ಹೆಂಡತಿಯಾಗಿ ಬರುವ ವೀಸಾಕ್ಕೆ 2007ರಿಂದ ಪ್ರಾಥಮಿಕ ಹಂತದ ಜರ್ಮನ್ ಪರೀಕ್ಷೆಯೂ ಕಡ್ಡಾಯ. ಇಲ್ಲಿಗೆ ಬಂದ ಮೇಲೆ 600 ತಾಸು ಭಾಷೆ, 100 ತಾಸು ಕಾನೂನು–ಇತಿಹಾಸ–ಸಮಾಜದ ಪಾಠ ಇರುವ ಕೋರ್ಸು. ಕೋರ್ಸು ಚೆನ್ನಾಗಿಯೇ ಇದೆ. ರೈಲು ಟಿಕೆಟ್ ಕೊಳ್ಳುವುದು, ಡಾಕ್ಟರ ಹತ್ತಿರ ಸಮಯ ಕೇಳುವುದು, ಸಂಸತ್ತಿನ ಎರಡು ಸದನಗಳ ಹೆಸರು, ಎಲ್ಲ ಕಲಿಸುತ್ತಾರೆ. ಹೆರಿಗೆಯಾದ ಮನೆಯಲ್ಲಿ ಅಮ್ಮ ಒಂದು ಹೇಳಿ ಸೂಲಗಿತ್ತಿ ಇನ್ನೊಂದು ಹೇಳಿದಾಗ ಏನು ಮಾಡಬೇಕು ಎನ್ನುವುದು ಆ 700 ತಾಸಿನಲ್ಲಿ ಎಲ್ಲಿಯೂ ಇಲ್ಲ.

ಬಾಣಂತನವನ್ನು ನಾನು ಸುಮ್ಮನೆ ಉದಾಹರಣೆಗೆ ತೆಗೆದುಕೊಂಡಿದ್ದಲ್ಲ. ನಮ್ಮಂಥ ಮನೆಗಳ ಎಲ್ಲ ಎಳೆದಾಟ ಅಲ್ಲಿ ಒಂದೇ ಕೋಣೆಗೆ ಬಂದು ನಿಲ್ಲುತ್ತದೆ. ಅಮ್ಮ ಬಂದಿದ್ದರು. ಪ್ರವಾಸಿ ವೀಸಾದಲ್ಲಿ 180 ದಿನಕ್ಕೆ 90 ದಿನ ಇರಬಹುದು, ಅಂದರೆ ಸರಿಯಾಗಿ ಒಂದು ಬಾಣಂತನ. ಸೂಟ್‌ಕೇಸಿನಲ್ಲಿ ಅಂಟು, ಉತ್ತತ್ತಿ, ಒಣಕೊಬ್ಬರಿ, ಅಳವಿ, ಬಜೆ, ಲೋಬಾನ, ಹಳೆಯ ಸೀರೆಯಲ್ಲಿ ಹೊಲಿದ ಕುಂಚಿಗಿ. ಇತ್ತ ಜರ್ಮನಿಯಲ್ಲಿ ಹೆರಿಗೆಯಾದ ಪ್ರತಿ ಹೆಣ್ಣಿಗೂ ಹೆಬಾಮೆ, ಅಂದರೆ ತರಬೇತಾದ ಸೂಲಗಿತ್ತಿ, ಮನೆಗೇ ಬರುತ್ತಾಳೆ. ಮೊದಲ ಹತ್ತು ದಿನ ಬೇಕಾದರೆ ದಿನಾ, ಆಮೇಲೆ ಹನ್ನೆರಡು ವಾರದವರೆಗೆ ಅಗತ್ಯ ಬಿದ್ದಾಗ, ಖರ್ಚು ವಿಮೆಯದ್ದು. ನಮ್ಮ ದೇಶ ಕಲಿಯಬೇಕಾದ ವ್ಯವಸ್ಥೆಯಿದು. ನಮ್ಮ ಹೆಬಾಮೆ ಜನವರಿಯ ಚಳಿಯಲ್ಲಿ ಸೈಕಲ್ ಮೇಲೆ ಬಂದು, ಮಗುವನ್ನು ಬಟ್ಟೆಯ ಜೋಳಿಗೆಯಲ್ಲಿ ತೂಗಿ, ಮೊದಲು ಮಾಡುತ್ತಿದ್ದ ಕೆಲಸವೆಂದರೆ ಕಿಟಕಿಯನ್ನು ಪೂರ್ತಿ ತೆರೆಯುವುದು. ಅವಳು ಹೊರಗೆ ಹೋದ ಕೂಡಲೇ ಅಮ್ಮ ಮಾಡುತ್ತಿದ್ದ ಮೊದಲ ಕೆಲಸ ಅದನ್ನು ಮುಚ್ಚಿ, ನನ್ನ ಕಿವಿಗೆ ಹತ್ತಿ ತುರುಕಿ, ಮಗುವಿಗೆ ಕುಂಚಿಗಿ ಕಟ್ಟುವುದು. ‘ಮನೆಯೊಳಗೆ ಮಗುವಿಗೆ ಟೊಪ್ಪಿಗೆ ಬೇಡ, ಮೈ ಕಾಯುತ್ತದೆ’ ಅಂತ ಅವಳು. ‘ಹಸುಗೂಸಿನ ನೆತ್ತಿ ತೆರಕೊಂಡಿರ್ತದ, ಆಕೀಗೆ ಏನ್ ಗೊತ್ತು’ ಅಂತ ಇವರು. ನಡುವೆ ಹೊಲಿಗೆ ಹಾಕಿಸಿಕೊಂಡು ಮಲಗಿದ್ದ ನಾನು ದುಭಾಷಿ. ಎರಡೂ ಕಡೆಯ ಮಾತನ್ನು ಅರ್ಧಕ್ಕರ್ಧ ನುಂಗಿ ಹೇಳುತ್ತಿದ್ದೆ.

ಒಂದು ದಿನ ಅಮ್ಮ ಕಬ್ಬಿಣದ ಬಾಣಲೆಯಲ್ಲಿ ಕೆಂಡ ಮಾಡಿ ಲೋಬಾನ ಹಾಕಿದರು. ಸ್ಟುಟ್‌ಗಾರ್ಟ್ ಇರುವ ಈ ರಾಜ್ಯದಲ್ಲಿ ಪ್ರತಿ ಮಲಗುವ ಕೋಣೆಯಲ್ಲೂ ಹೊಗೆ ಪತ್ತೆ ಮಾಡುವ ಯಂತ್ರ ಕಡ್ಡಾಯ. ಅದು ಕಿರುಚಿಕೊಂಡಿತು, ಮಗು ಅದಕ್ಕಿಂತ ಜೋರಾಗಿ ಕಿರುಚಿಕೊಂಡಿತು, ಕೆಳಮನೆಯ ಮುದುಕರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಮೆಟ್ಟಿಲು ಹತ್ತಿ ಬಂದರು. ಗಂಡ ಕುರ್ಚಿ ಹತ್ತಿ ಯಂತ್ರವನ್ನು ಕಿತ್ತ. ಅಮ್ಮ ಅವತ್ತು ಊಟ ಬಿಟ್ಟರು.

ಇದನ್ನು ಬಗೆಹರಿಸಿದ್ದು ವಿಮೆಯೂ ಅಲ್ಲ, ಗಂಡನೂ ಅಲ್ಲ. ಮಂಗಳೂರು ಕಡೆಯ ಒಬ್ಬರು, ಇಲ್ಲಿಯ ವೃದ್ಧಾಶ್ರಮದಲ್ಲಿ ನರ್ಸ್. ರಾತ್ರಿ ಪಾಳಿ ಮುಗಿಸಿ, ಹೆಬಾಮೆ ಬರುವ ಹೊತ್ತಿಗೆ ಸರಿಯಾಗಿ ನಮ್ಮ ಮನೆಗೆ ಬಂದರು. ಅವರು ಅಮ್ಮನಿಗೆ ಕೇಳಿದ ಮೊದಲ ಪ್ರಶ್ನೆ, ‘ಅಂಟಿನುಂಡೆಗೆ ನೀವು ಬೆಲ್ಲ ಹಾಕೋದಾ, ಸಕ್ಕರೆಯಾ?’ ಎಂದು. ಕಾಲು ತಾಸು ಆ ವಿಚಾರವೇ ನಡೆಯಿತು. ಆಮೇಲೆ ಅವರು ಹೆಬಾಮೆಗೆ ಜರ್ಮನ್‌ನಲ್ಲಿ, ಅಮ್ಮನಿಗೆ ಕನ್ನಡದಲ್ಲಿ, ಒಂದೇ ಉಸಿರಿನಲ್ಲಿ ಒಪ್ಪಂದ ಮಾಡಿಸಿದರು. ಎಣ್ಣೆ ನೀವುವುದು ಇರಲಿ, ಅದನ್ನು ಹೆಬಾಮೆಯೂ ಮೆಚ್ಚುತ್ತಾಳೆ. ಲೋಬಾನದ ಹೊಗೆ ಕೂಸಿನ ಪುಪ್ಪುಸಕ್ಕೆ ಒಳ್ಳೆಯದಲ್ಲ, ಅದು ನಿಲ್ಲಲಿ. ಸ್ನಾನದ ಹೊತ್ತಿಗೆ ಕಿಟಕಿ ಮುಚ್ಚಿರಲಿ. ಆಮೇಲೆ ಮಗುವನ್ನು ಪಕ್ಕದ ಕೋಣೆಗೆ ಒಯ್ದು ಹತ್ತು ನಿಮಿಷ ತೆರೆಯೋಣ. ಕುಂಚಿಗಿ ಹೊರಗೆ ಹೋಗುವಾಗ ಮಾತ್ರ, ಮಲಗಿಸುವಾಗ ಬೇಡ. ಮಗಳ ಮಾತಿಗೆ ಸೊಪ್ಪು ಹಾಕದ ಅಮ್ಮ ಅವರ ಮಾತಿಗೆ ‘ಆತವಾ, ನೀವು ಹೇಳಿದಂಗ’ ಅಂದರು. ಅವರು ನರ್ಸ್ ಎಂಬುದು ಒಂದು ಕಾರಣ. ಅಮ್ಮನ ಓರಗೆಯವರು, ಎರಡು ಹೆತ್ತವರು, ತಾಯಿಯಿಲ್ಲದ ಊರಿನಲ್ಲಿ ಹೆತ್ತವರು ಎಂಬುದು ಇನ್ನೂ ದೊಡ್ಡ ಕಾರಣ.

ಅವರು ನನಗೆ ಸಿಕ್ಕಿದ್ದು ಹೇಗೆ? ಭಾರತದ ದಿನಸಿ ಅಂಗಡಿಯಲ್ಲಿ ಸೋನಾ ಮಸೂರಿ ಮೂಟೆ ಎತ್ತಲಾಗದೆ ನಿಂತಿದ್ದಾಗ, ಆಕಸ್ಮಿಕವಾಗಿ. ನನ್ನ ತಕರಾರು ಇರುವುದೇ ಇಲ್ಲಿ. ಆಕೆಯಂಥವರು ಪ್ರತಿ ಊರಿನಲ್ಲೂ ಇದ್ದಾರೆ. ಅವರನ್ನು ಹುಡುಕಿ ಕೊಡುವ ಕೆಲಸವನ್ನು ಅಕ್ಕಿ ಮೂಟೆಗೆ ಬಿಟ್ಟಿದ್ದೇವೆ.

ಅಮ್ಮ ವಾಪಸಾದ ಮೇಲೆ ಭಾಷೆಯ ಪ್ರಶ್ನೆ ಏಳುತ್ತದೆ. ‘ಅಪ್ಪ ತನ್ನ ಭಾಷೆ ಆಡಲಿ, ಅಮ್ಮ ತನ್ನ ಭಾಷೆ ಆಡಲಿ, ಮಗು ಎರಡನ್ನೂ ಕಲಿಯುತ್ತದೆ’ ಎನ್ನುವ ಸೂತ್ರವನ್ನು ಮಕ್ಕಳ ಡಾಕ್ಟರಿಂದ ಹಿಡಿದು ಮಾವನವರೆಗೆ ಎಲ್ಲರೂ ಹೇಳುತ್ತಾರೆ. ಈ ಸೂತ್ರಕ್ಕೆ ನೂರು ವರ್ಷ ದಾಟಿದೆ. ಜೂಲ್ ರೋಂಜಾ ಎಂಬ ಫ್ರೆಂಚ್ ಭಾಷಾವಿಜ್ಞಾನಿ 1913ರಲ್ಲಿ ತನ್ನ ಮಗ ಲೂಯಿ ಎರಡು ಭಾಷೆ ಕಲಿತ ಬಗೆಯನ್ನು ಪುಸ್ತಕವಾಗಿ ಬರೆದ. ಅಪ್ಪನದು ಫ್ರೆಂಚ್, ಅಮ್ಮನದು ಜರ್ಮನ್. ಎರಡೂ ಕಡೆ ಅಚ್ಚಾದ ಪುಸ್ತಕಗಳ ರಾಶಿ, ಗಡಿ ದಾಟಿದರೆ ಪೂರ್ತಿ ಒಂದು ದೇಶ. ಸ್ಟುಟ್‌ಗಾರ್ಟ್ ಪಕ್ಕದ ಹಳ್ಳಿಯಲ್ಲಿ ಕನ್ನಡಕ್ಕೆ ಇರುವುದು ಒಂದೇ ಬಾಯಿ. ಆ ಬಾಯಿ ಬೆಳಿಗ್ಗೆ ಅವಸರದಲ್ಲಿರುತ್ತದೆ, ಸಂಜೆ ದಣಿದಿರುತ್ತದೆ.

ಇದರ ಫಲ ನೋಡಿ. ನನ್ನ ಮಗನ ಕನ್ನಡ ಬಹುಕಾಲ ಬರೀ ಆಜ್ಞೆಗಳ ಕನ್ನಡವಾಗಿತ್ತು: ಏಳು, ತಿನ್ನು, ಬೂಟು ಹಾಕ್ಕೋ, ಬೇಗ ಬಾ. ಧಾರವಾಡಕ್ಕೆ ಹೋದಾಗ ನಿವೃತ್ತ ಹೆಡ್‌ಮಾಸ್ತರರಾದ ಅಜ್ಜನಿಗೂ ಅದನ್ನೇ ಹೇಳಿದ. ‘ಏಳು, ಬೇಗ ಬಾ, ಕೈ ತೊಳಿ.’ ಅಜ್ಜ ನಕ್ಕು ಎದ್ದು ಹೋಗಿ ಕೈ ತೊಳೆದುಕೊಂಡರು. ಮಗುವಿಗೆ ಸೊಕ್ಕು ಇರಲಿಲ್ಲ. ಇಬ್ಬರು ದೊಡ್ಡವರು ಕೂತು ಕನ್ನಡದಲ್ಲಿ ಹರಟೆ ಹೊಡೆಯುವುದನ್ನು, ಒಬ್ಬರು ಹಂಗಿಸಿ ಇನ್ನೊಬ್ಬರು ಮುನಿಸಿಕೊಳ್ಳುವುದನ್ನು, ‘ಹೌದೇನ್ರೀ’ ಎಂದು ಬೆರಗಾಗುವುದನ್ನು ಆತ ಕೇಳಿಯೇ ಇರಲಿಲ್ಲ. ತನ್ನ ಕಡೆಗೆ ತಿರುಗಿ ಆಡಿದ ಮಾತಿನಿಂದ ಮಗು ಕಲಿಯುತ್ತದೆ. ತನ್ನ ತಲೆಯ ಮೇಲೆ ಹಾದುಹೋಗುವ ಮಾತಿನಿಂದಲೂ ಕಲಿಯುತ್ತದೆ. ವಾರಕ್ಕೊಂದು ಬೆಳಿಗ್ಗೆ ನಾಲ್ಕು ಜನ ತಾಯಂದಿರು ಒಂದು ಕೋಣೆಯಲ್ಲಿ ಕೂತು ಬೇಳೆಯ ದರದಿಂದ ಹಿಡಿದು ಅತ್ತೆಯವರೆಗೆ ಮಾತಾಡಿದರೆ, ಮೇಜಿನ ಕೆಳಗೆ ಆಡುವ ಮಕ್ಕಳಿಗೆ ಅದಕ್ಕಿಂತ ದೊಡ್ಡ ಕನ್ನಡ ಶಾಲೆ ಬೇರೊಂದಿಲ್ಲ. ಹೆಂಗಸರ ಹರಟೆಯೆಂದು ನಾವು ತಳ್ಳಿಹಾಕುವ ಆ ಮಾತೇ ಭಾಷೆಯನ್ನು ದಾಟಿಸುವ ದಾರಿ.

ಶಾಲೆಗೆ ಸೇರುವ ಮುನ್ನ ಇಲ್ಲಿ ಮಕ್ಕಳ ಆರೋಗ್ಯ ತಪಾಸಣೆಯಾಗುತ್ತದೆ. ಅದರಲ್ಲಿ ಭಾಷೆಯ ಪರೀಕ್ಷೆಯೂ ಇದೆ, ಜರ್ಮನ್ ಭಾಷೆಯದು. ಎರಡು ಭಾಷೆಯ ಮಗುವಿನ ಶಬ್ದಭಂಡಾರವನ್ನು ಒಂದೇ ಭಾಷೆಯಲ್ಲಿ ಎಣಿಸಿದರೆ ಕಡಿಮೆ ಕಾಣುವುದು ಸಹಜ, ಎರಡನ್ನೂ ಕೂಡಿಸಿದರೆ ಸರಿಹೋಗುತ್ತದೆ. ಇದನ್ನು ಹೇಳುವವರು ಪಕ್ಕದಲ್ಲಿಲ್ಲದೆ, ಆ ವರದಿಯನ್ನು ನೋಡಿ ಹೆದರಿ, ಅವತ್ತಿನಿಂದಲೇ ಮನೆಯಲ್ಲಿ ಕನ್ನಡ ನಿಲ್ಲಿಸಿದ ತಾಯಂದಿರನ್ನು ನಾನು ಬಲ್ಲೆ. ಇಲ್ಲಿ ಟರ್ಕಿ, ಇಟಲಿಯಂಥ ದೇಶಗಳ ದೂತಾವಾಸಗಳು ದಶಕಗಳಿಂದ ತಮ್ಮ ಮಕ್ಕಳಿಗೆ ಮಾತೃಭಾಷೆಯ ಪಾಠ ನಡೆಸಿಕೊಂಡು ಬಂದಿವೆ. ಕನ್ನಡಕ್ಕೆ ಇರುವುದು ಭಾನುವಾರದ ಸ್ವಯಂಸೇವಕರು ಮಾತ್ರ. ಅವರ ತರಗತಿಗಳೂ ಬಹುಪಾಲು ಅಪ್ಪ ಅಮ್ಮ ಇಬ್ಬರೂ ಕನ್ನಡ ಆಡುವ ಮಕ್ಕಳನ್ನು ಎದುರಿಗಿಟ್ಟುಕೊಂಡೇ ಸಿದ್ಧವಾದವು. ಅಲ್ಲಿ ನಮ್ಮ ಮಕ್ಕಳು ಹಿಂದಿನ ಬೆಂಚು.

ಇನ್ನು ಕಾನೂನು. ಜರ್ಮನ್ ಗಂಡನ ಆಧಾರದ ಮೇಲೆ ಬಂದ ಹೆಂಡತಿಗೆ ಸ್ವತಂತ್ರವಾಗಿ ಇಲ್ಲಿರುವ ಹಕ್ಕು ಸಿಗಲು ಸಾಮಾನ್ಯವಾಗಿ ಮೂರು ವರ್ಷ ಜೊತೆಯಾಗಿ ಬಾಳಿರಬೇಕು. 2011ರವರೆಗೆ ಅದು ಎರಡು ವರ್ಷವಿತ್ತು. ಹಿಂಸೆಯಂಥ ತೀವ್ರ ಸಂಕಷ್ಟವಿದ್ದರೆ ಈ ಅವಧಿಗೆ ವಿನಾಯಿತಿ ಇದೆ. ಮೊದಲ ಅರ್ಧ ಗೊತ್ತಿದ್ದು ಎರಡನೆಯ ಅರ್ಧ ಗೊತ್ತಿಲ್ಲದೆ ಪೆಟ್ಟು ತಿಂದುಕೊಂಡು ದಿನ ಎಣಿಸಿದವರಿದ್ದಾರೆ. ಹಿಂಸೆಗೊಳಗಾದ ಹೆಂಗಸರಿಗೆ 2013ರಿಂದ ಸರಕಾರಿ ಸಹಾಯವಾಣಿ ಇದೆ. ಸಂಖ್ಯೆ 116 016, ಹಗಲು ರಾತ್ರಿ ಉಚಿತ, ದುಭಾಷಿಗಳ ನೆರವೂ ಉಂಟು. ಆ ಭಾಷೆಗಳ ಪಟ್ಟಿಯಲ್ಲಿ ಕನ್ನಡವಿಲ್ಲ. ಗಾಬರಿಯಲ್ಲಿರುವ ಹೆಂಗಸಿಗೆ ಮೊದಲ ವಾಕ್ಯವನ್ನಾದರೂ ತನ್ನ ಭಾಷೆಯಲ್ಲಿ ಹೇಳಲು ಯಾರಾದರೂ ಬೇಕು.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಜಗಳವಾದಾಗ ಮಗುವನ್ನು ಕಟ್ಟಿಕೊಂಡು ತವರಿಗೆ ಹೋಗುವುದು ನಮ್ಮಲ್ಲಿ ಸಹಜ. ಆದರೆ ಇಲ್ಲಿ ಮದುವೆಯಾದ ತಂದೆ ತಾಯಿ ಇಬ್ಬರಿಗೂ ಮಗುವಿನ ಮೇಲೆ ಜಂಟಿ ಹಕ್ಕಿದೆ. ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮಗುವನ್ನು ಪರದೇಶಕ್ಕೆ ಒಯ್ದು ಇಟ್ಟುಕೊಂಡರೆ ಅದು ಅಪರಾಧವಾಗಬಹುದು. ಮಕ್ಕಳ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಜರ್ಮನಿ ಸೇರಿದೆ, ಭಾರತ ಸೇರಿಲ್ಲ. ಹಾಗಾಗಿ ವ್ಯಾಜ್ಯ ಎರಡು ದೇಶಗಳ ಕೋರ್ಟುಗಳ ನಡುವೆ ವರ್ಷಗಟ್ಟಲೆ ಜೋತಾಡುತ್ತದೆ. ‘ಸುಮ್ನ ಬಂದುಬಿಡವಾ’ ಎಂದು ಫೋನಿನಲ್ಲಿ ಹೇಳುವ ತವರಿನವರಿಗೂ, ಟಿಕೆಟ್ ಮಾಡುವ ಮುಂಚೆ ಮಗಳಿಗೂ ಇದು ತಿಳಿದಿರಬೇಕು. ಪೌರತ್ವದ್ದೂ ಹೀಗೇ. 2024ರ ಜೂನ್‌ನಿಂದ ಜರ್ಮನಿ ಎರಡು ಪೌರತ್ವವನ್ನು ಒಪ್ಪುತ್ತದೆ ಎಂಬ ಸುದ್ದಿ ಓದಿ ಹಿಗ್ಗಿದವರು ಬಹಳ. ಭಾರತದ ಕಾನೂನು ಒಪ್ಪುವುದಿಲ್ಲವಾದ್ದರಿಂದ, ಜರ್ಮನ್ ಪೌರತ್ವ ಪಡೆದ ದಿನವೇ ನಮ್ಮದು ಹೋಗುತ್ತದೆ. ಆಮೇಲೆ ಉಳಿಯುವುದು ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡು. ತವರಿನಲ್ಲಿ ಹೊಲ ಇದ್ದವರಿಗೆ, ಮತದಾನವನ್ನು ಗಂಭೀರವಾಗಿ ತೆಗೆದುಕೊಂಡವರಿಗೆ ಇದು ಸಣ್ಣ ನಿರ್ಧಾರವಲ್ಲ. ಇಂಥದ್ದನ್ನು ಗಂಡನೊಂದಿಗೆ ಮಾತ್ರ ಚರ್ಚಿಸಿ ತೀರ್ಮಾನಿಸುವಂತಾಗಬಾರದು.

ಹೆಂಗಸರು ಕೂಡಿ ಕೂತರೆ ಏನಾಗುತ್ತದೆ ಎನ್ನುವುದಕ್ಕೆ ಈ ದೇಶದಲ್ಲೇ ಪಾಠಗಳಿವೆ. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ನ ದಾಳಿಯ ನಂತರ ಅರಬ್ ವಿದ್ಯಾರ್ಥಿಗಳನ್ನು ಜರ್ಮನಿ ಸಗಟಾಗಿ ಹೊರಹಾಕತೊಡಗಿತು. ಅಂಥವರನ್ನು ಮದುವೆಯಾಗಿದ್ದ ಜರ್ಮನ್ ಹೆಂಗಸರಿಗೆ ದಿಕ್ಕು ತೋಚಲಿಲ್ಲ. ಆಗ ರೋಸಿ ವೋಲ್ಫ್–ಅಲ್ಮನಸ್ರೆ ಎಂಬಾಕೆ ಫ್ರಾಂಕ್‌ಫರ್ಟಿನಲ್ಲಿ, ವಿದೇಶಿಯರನ್ನು ಮದುವೆಯಾದ ಹೆಂಗಸರ ಸಂಘ ಕಟ್ಟಿದರು. ಆಗಿನ ಕಾನೂನಿನಲ್ಲಿ, ವಿದೇಶಿ ಗಂಡನಿಂದ ಹುಟ್ಟಿದ ಮಗುವಿಗೆ ಜರ್ಮನ್ ತಾಯಿಯ ಪೌರತ್ವ ಸಿಗುತ್ತಿರಲಿಲ್ಲ. ಆ ಹೆಂಗಸರು ಅದರ ವಿರುದ್ಧ ದನಿಯೆತ್ತಿದರು, 1975ರ ಜನವರಿ 1ರಿಂದ ಕಾನೂನು ಬದಲಾಯಿತು. ಇಂದು ಅದೇ ಸಂಘಟನೆ ಎರಡು ದೇಶಗಳ ಎಲ್ಲ ಬಗೆಯ ಕುಟುಂಬಗಳಿಗೆ ಸಲಹೆ ಕೊಡುತ್ತದೆ, ಎರಡು ಭಾಷೆಯ ಮಕ್ಕಳನ್ನು ಬೆಳೆಸುವವರಿಗೆ ದಾರಿ ತೋರಿಸುತ್ತದೆ. 1980ರ ದಶಕದ ಆರಂಭದಲ್ಲಿ ಶುರುವಾದ ತಾಯಂದಿರ ಕೇಂದ್ರಗಳದ್ದು ಇನ್ನೊಂದು ಕಥೆ. ಉಪನ್ಯಾಸ ಬೇಡ, ಕಾಫಿ ಇಟ್ಟು ಬಾಗಿಲು ತೆರೆದಿಡಿ, ಮಕ್ಕಳನ್ನು ಕರೆದುಕೊಂಡೇ ಬರಲಿ, ತಾಯಂದಿರೇ ಪರಿಣತರು ಎನ್ನುವುದು ಅವುಗಳ ತಿರುಳು. ಸಾಲ್ಸ್‌ಗಿಟ್ಟರ್ ಎಂಬ ಉಕ್ಕಿನ ಊರಿನ ಅಂಥ ಕೇಂದ್ರವನ್ನೇ ಮಾದರಿಯಾಗಿಟ್ಟುಕೊಂಡು 2006ರಲ್ಲಿ ಜರ್ಮನಿಯ ಕೇಂದ್ರ ಸರಕಾರ ದೇಶದುದ್ದಕ್ಕೂ ಹಲವು ತಲೆಮಾರಿನವರು ಕೂಡುವ ಮನೆಗಳನ್ನು ತೆರೆಯಿತು. ಬರ್ಲಿನ್‌ನ ನಾಯ್‌ಕೋಲ್ನ್ ಬಡಾವಣೆಯಲ್ಲಿ 2004ರಿಂದ ವಲಸಿಗ ಹೆಂಗಸರೇ ತರಬೇತಿ ಪಡೆದು, ಕೆಂಪು ಸ್ಕಾರ್ಫ್ ಹಾಕಿಕೊಂಡು, ತಮ್ಮ ಭಾಷೆಯ ಇತರ ತಾಯಂದಿರ ಮನೆಗೆ ಹೋಗಿ ಶಾಲೆ, ಆರೋಗ್ಯ, ಹಕ್ಕುಗಳ ವಿಷಯ ಹೇಳುತ್ತಾರೆ. ನನ್ನ ಮನೆಗೆ ಬಂದ ಮಂಗಳೂರಿನ ನರ್ಸ್ ಮಾಡಿದ್ದು ಇದೇ ಕೆಲಸ, ಸ್ಕಾರ್ಫ್ ಇರಲಿಲ್ಲ ಅಷ್ಟೇ.

ಹಾಗಾದರೆ ಅಂಥ ಜರ್ಮನ್ ಸಂಸ್ಥೆಗಳಿಗೇ ಹೋಗಬಹುದಲ್ಲ, ಕನ್ನಡ ಸಂಘ ಏಕೆ ಎಂದು ಕೇಳುವವರಿದ್ದಾರೆ. ಹೋಗಬೇಕು, ನಾನೂ ಹೋಗಿದ್ದೇನೆ. ಅಲ್ಲಿ ಕಾನೂನಿನ ಸಲಹೆ ಸಿಗುತ್ತದೆ. ಅಮ್ಮನ ಕೋಪವನ್ನು ಇಳಿಸುವವರು ಸಿಗುವುದಿಲ್ಲ. ‘ತಾನೇ ಆರಿಸಿಕೊಂಡ ಮದುವೆ, ತಾನೇ ನಿಭಾಯಿಸಲಿ’ ಎನ್ನುವ ಇನ್ನೊಂದು ಮಾತನ್ನು ಯಾರೂ ಎದುರಿಗೆ ಆಡುವುದಿಲ್ಲ, ಆದರೆ ಸಂಘದ ಊಟದ ಸಾಲಿನಲ್ಲಿ ನಿಂತಾಗ ಅದು ಬೆನ್ನಿಗೆ ತಾಗುತ್ತದೆ. ಹಿರಿಯರು ನೋಡಿ ಮಾಡಿದ ಮದುವೆಗಳೂ ಇಲ್ಲಿ ಮುರಿದು ಬೀಳುವುದನ್ನು ಕಂಡವರೇ ಇದನ್ನು ಅನ್ನುತ್ತಾರೆ.

ನಿಜವಾಗಿ ತೂಕವಿರುವ ಆಕ್ಷೇಪ ಒಂದೇ, ಅದು ಹೆಂಗಸರದೇ. ‘ಸಂಘದಲ್ಲಿ ಹೇಳಿಕೊಂಡರೆ ನಾನು ಮನೆ ಮುಟ್ಟುವುದರೊಳಗೆ ಸುದ್ದಿ ದಾವಣಗೆರೆ ಮುಟ್ಟಿರುತ್ತದೆ’ ಎಂದು ಒಬ್ಬಾಕೆ ನನಗೆ ಹೇಳಿದಳು. ಸತ್ಯ. ಅವರ ಚಿಕ್ಕಮ್ಮ ಇವರ ಬೀಗಿತ್ತಿ, ಇವರ ಗೆಳತಿ ಅವರ ವಾಟ್ಸ್‌ಆ್ಯಪ್ ಗುಂಪಿನವಳು. ನೋವು ಹೇಳಿಕೊಳ್ಳಲು ನಮ್ಮವರು ಬೇಕು, ನಮ್ಮವರಿಗೇ ಹೇಳಲು ಭಯ. ಇದಕ್ಕೆ ಪರಿಹಾರ ಒಳ್ಳೆಯತನದ ಮೇಲೆ ನಂಬಿಕೆ ಇಡುವುದಲ್ಲ, ನಿಯಮ ಮಾಡುವುದು. ಯಾರ ಹತ್ತಿರ ಖಾಸಗಿ ಮಾತು ಹೇಳಬಹುದೋ ಆ ಇಬ್ಬರು ಮೂವರನ್ನು ಸಂಘ ಹೆಸರಿಸಲಿ. ಅವರು ಗುಟ್ಟು ಕಾಯುವುದಾಗಿ ಬರೆದುಕೊಡಲಿ, ಸಾಧ್ಯವಾದರೆ ಬೇರೆ ಊರಿನವರಿರಲಿ, ಪದಾಧಿಕಾರಿಗಳ ಹೆಂಡಂದಿರು ಆಗದಿರಲಿ.

ಉಳಿದದ್ದಕ್ಕೆ ದೊಡ್ಡ ಹಣ ಬೇಡ. ಏಳು ಜನ ಸೇರಿದರೆ ಇಲ್ಲಿ ಒಂದು ಸಂಘವನ್ನೇ ನೋಂದಾಯಿಸಬಹುದು. ಇರುವ ಸಂಘಕ್ಕೆ ಒಂದು ಕೋಣೆ ಎಷ್ಟರ ಮಾತು? ನಗರಸಭೆಯ ಕುಟುಂಬ ಕೇಂದ್ರಗಳಲ್ಲಿ, ಚರ್ಚಿನ ಸಭಾಗೃಹಗಳಲ್ಲಿ ಬೆಳಗಿನ ಹೊತ್ತು ಕೋಣೆಗಳು ಖಾಲಿ ಇರುತ್ತವೆ, ಕೇಳಿದರೆ ಕೊಡುತ್ತಾರೆ. ಹೊಸದಾಗಿ ಬಂದ ಪ್ರತಿ ಹೆಣ್ಣುಮಗಳಿಗೆ ಮೊದಲ ವರ್ಷಕ್ಕೆ ಒಬ್ಬ ಹಳಬಳನ್ನು ಜೊತೆ ಮಾಡಿ. ವೀಸಾ, ವಿಮೆ, ಹೆರಿಗೆ, ಮಕ್ಕಳ ಹಕ್ಕು, ಸಹಾಯವಾಣಿ ಇವಿಷ್ಟನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಬರೆದು, ವಕೀಲರಿಗೆ ತೋರಿಸಿ, ವರ್ಷಕ್ಕೊಮ್ಮೆ ತಿದ್ದಿ ಹಂಚಿ. ಕನ್ನಡ ಬಾರದ ಗಂಡಂದಿರನ್ನು ಕಾರ್ಯಕ್ರಮದ ಉದ್ದಕ್ಕೂ ಮೊಬೈಲ್ ನೋಡುತ್ತ ಕೂರಲು ಬಿಡಬೇಡಿ. ನನ್ನ ಗಂಡನಿಗೆ ಒಮ್ಮೆ ಯಾರೋ ದೋಸೆ ಕಾವಲಿ ಒಪ್ಪಿಸಿದರು, ಅವತ್ತು ಕಲಿತ ‘ಇನ್ನೊಂದು ಹಾಕ್ಲಾ?’ ಅವನು ಇಂದಿಗೂ ತಪ್ಪಿಲ್ಲದೆ ಆಡುವ ಕನ್ನಡ. ಮುರುಕು ಕನ್ನಡ ಆಡುವ ಮಕ್ಕಳನ್ನು ವೇದಿಕೆಯಲ್ಲಿ ತಿದ್ದಬೇಡಿ, ವೇದಿಕೆ ಇಳಿದ ಮೇಲೂ ತಿದ್ದಬೇಡಿ.

ಕರ್ನಾಟಕ ಸರಕಾರಕ್ಕೂ ಪಾಲಿದೆ. ಅದರ ಅನಿವಾಸಿ ಭಾರತೀಯ ಸಮಿತಿಗೆ ಹೂಡಿಕೆದಾರರ ಜೊತೆಗೆ ಈ ಹೆಣ್ಣುಮಕ್ಕಳೂ ಕಾಣಿಸಲಿ. ಗಂಡ ಕೈಬಿಟ್ಟು ಸಂಕಷ್ಟದಲ್ಲಿರುವ ಭಾರತೀಯ ಮಹಿಳೆಯರಿಗೆ ಕಾನೂನು ನೆರವನ್ನೂ ಕೊಡುವ, 2009ರಲ್ಲಿ ಶುರುವಾದ ಸಮುದಾಯ ಕಲ್ಯಾಣ ನಿಧಿ ರಾಯಭಾರ ಕಚೇರಿಗಳಲ್ಲಿದೆ. ಅದು ಇರುವುದೇ ಬಹಳ ಮಂದಿಗೆ ತಿಳಿದಿಲ್ಲ. ಕನ್ನಡದಲ್ಲಿ ತಿಳಿಸುವ ಕೆಲಸವನ್ನು ಸಮಿತಿ ಮಾಡಬಹುದು. ಯುರೋಪಿನ ಹಗಲಿನಲ್ಲಿ ಫೋನ್ ಎತ್ತುವ ಕನ್ನಡದ ಆಪ್ತಸಮಾಲೋಚಕಿಯೊಬ್ಬರನ್ನು ನೇಮಿಸಬಹುದು. ವಿದೇಶದ ಸಮ್ಮೇಳನಕ್ಕೆ ಹೋಗುವ ನಿಯೋಗದ ಒಂದು ವಿಮಾನದ ಖರ್ಚಿನಲ್ಲಿ ಆಕೆಯ ಸಂಬಳ ಎಷ್ಟೋ ತಿಂಗಳು ನಡೆಯುತ್ತದೆ.

ಇಲ್ಲಿಯ ಸಂಘಗಳು ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಕರೆದು ಲೆಕ್ಕಪತ್ರ ಮಂಡಿಸುತ್ತವೆ. ಸಭಾಂಗಣ, ಧ್ವನಿವರ್ಧಕ, ಊರಿಂದ ಬರುವ ಗಾಯಕರ ಟಿಕೆಟ್, ಶಾಲು, ಹಾರ ಎಲ್ಲಕ್ಕೂ ಅದರಲ್ಲಿ ಸಾಲುಗಳಿರುತ್ತವೆ. ಈ ಸಲದ ಸಭೆಯಲ್ಲಿ ನಾನು ಕೈ ಎತ್ತಿ ಇನ್ನೊಂದು ಸಾಲು ಕೇಳುತ್ತೇನೆ: ಪ್ರತಿ ಮಂಗಳವಾರ, ಬೆಳಿಗ್ಗೆ ಹತ್ತರಿಂದ ಹನ್ನೆರಡು, ಕೋಣೆ ಮತ್ತು ಕಾಫಿಯ ಖರ್ಚು. ದುಡ್ಡಿಲ್ಲ ಎಂದರೆ ಈ ವರ್ಷದ ಹಾರಗಳನ್ನು ಕಡಿಮೆ ಮಾಡಿ.